ಎತ್ತರದ ಊರು, ಬೀಸುವ ಗಾಳಿ, ಸಣ್ಣ ವಿಮಾನ: ಟೇಕಾಫ್‌ಗೆ ಮುಂಚೆ ಹಾಕಬೇಕಾದ ಲೆಕ್ಕ

ಸಣ್ಣ ವಿಮಾನ ಬಿದ್ದ ಸುದ್ದಿ ಬಂದಾಗಲೆಲ್ಲ ಓದುಗರು ಕೇಳೋದು ಒಂದೇ ಪ್ರಶ್ನೆ. "ಎಂಜಿನ್ ಕೆಟ್ಟಿರಲಿಲ್ಲ, ರನ್‌ವೇ ಬೇಕಾದಷ್ಟು ಉದ್ದ ಇತ್ತು, ವಿಮಾನ ನೆಲ ಬಿಟ್ಟು ಎದ್ದೂ ಆಗಿತ್ತು. ಆಮೇಲೆ ಯಾಕೆ ಬಿತ್ತು?" ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿಯುವವರು ಕೇಳುತ್ತಾರೆ. ಅಮೆರಿಕದಲ್ಲಿ ಲೈಸೆನ್ಸ್ ತಗೊಂಡು, ವೀಕೆಂಡ್‌ಗೆ ವಿಮಾನ ಬಾಡಿಗೆಗೆ ಪಡೆದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರೂ ಕೇಳುತ್ತಾರೆ. ಉತ್ತರ ಬಹಳ ಸಲ ಒಂದು ಲೆಕ್ಕದಲ್ಲಿ ಇರುತ್ತದೆ. ಹತ್ತು ನಿಮಿಷದ ಲೆಕ್ಕ. ಅದನ್ನು ಹಂತ ಹಂತವಾಗಿ ಹೇಳುತ್ತೇನೆ.

ನಡುನಡುವೆ ಒಂದು ನಿಜವಾದ ಅಪಘಾತವನ್ನು ಇಟ್ಟುಕೊಳ್ಳೋಣ. 1996ರ ಏಪ್ರಿಲ್ 11ರ ಬೆಳಿಗ್ಗೆ ಅಮೆರಿಕದ ವಯೋಮಿಂಗ್ ರಾಜ್ಯದ ಶೆಯೆನ್ ಊರಿನಿಂದ ಸೆಸ್ನಾ 177ಬಿ ವಿಮಾನವೊಂದು ಹೊರಟಿತು. ಒಳಗೆ ಏಳು ವರ್ಷದ ಹುಡುಗಿ, ಅವಳ ಅಪ್ಪ, ಹಾರಾಟ ಕಲಿಸುವ ಮೇಷ್ಟ್ರು. ದೇಶದ ಒಂದು ತೀರದಿಂದ ಇನ್ನೊಂದು ತೀರಕ್ಕೆ ಹುಡುಗಿ ವಿಮಾನ ನಡೆಸುತ್ತಾಳೆ ಅಂತ ಟಿವಿ, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಆ ದಿನ ಗುಡುಗು ಮಳೆ ಹತ್ತಿರ ಬರುತ್ತಿತ್ತು, ಗಾಳಿ ಜೋರಿತ್ತು. ವಿಮಾನ ಎದ್ದಿತು, ಬಲಕ್ಕೆ ತಿರುಗಿತು, ಮನೆಗಳಿದ್ದ ಬೀದಿಯಲ್ಲಿ ಬಿತ್ತು. ಮೂವರೂ ಉಳಿಯಲಿಲ್ಲ. ಆ ಹೊತ್ತಿಗೆ ವಿಮಾನ ನಡೆಸುತ್ತಿದ್ದದ್ದು ಮೇಷ್ಟ್ರೇ ಅಂತ ತನಿಖೆ ಮಾಡಿದ ಎನ್‌ಟಿಎಸ್‌ಬಿ, ಅಂದರೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ತೀರ್ಮಾನಿಸಿತು. ಹಾಗಾಗಿ ಇದನ್ನು ಮಗುವಿನ ಕತೆ ಅಂತ ಬದಿಗಿಡಬೇಡಿ. ಲೈಸೆನ್ಸ್ ಇದ್ದ, ಅನುಭವ ಇದ್ದ ಪೈಲಟ್ ಒಬ್ಬರ ಲೆಕ್ಕ ತಪ್ಪಿದ ಕತೆ ಇದು.

ಬೇಕಾದದ್ದು ಇಷ್ಟು: ನಿಮ್ಮ ವಿಮಾನದ ಕೈಪಿಡಿ (ಪೈಲಟ್‌ಗಳು ಪಿಒಎಚ್ ಅನ್ನುವ ಪುಸ್ತಕ), ಆ ಹೊತ್ತಿನ ಮೆಟಾರ್ (ವಿಮಾನ ನಿಲ್ದಾಣದಿಂದ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಬರುವ ಹವಾ ವರದಿ), ಒಂದು ಪೆನ್ನು, ಒಂದು ಹಾಳೆ. ಫೋನಿನಲ್ಲಿ ಆ್ಯಪ್ ಇದೆ, ನಿಜ. ಆದರೂ ಮೊದಲ ಹತ್ತು ಸಲ ಕೈಯಲ್ಲೇ ಮಾಡಿ. ಯಾವ ಅಂಕಿ ಎಷ್ಟು ಕಾಟ ಕೊಡುತ್ತದೆ ಅನ್ನೋದು ಆಗ ತಲೆಯಲ್ಲಿ ಕೂರುತ್ತದೆ. ಇಲ್ಲಿ ಹೇಳುವ ಅಂದಾಜುಗಳಿಗೂ ನಿಮ್ಮ ಕೈಪಿಡಿಗೂ ಹೊಂದದಿದ್ದರೆ ಕೈಪಿಡಿ ಹೇಳಿದ್ದೇ ಸರಿ.

1. ವಿಮಾನಕ್ಕೆ ಕಾಣುವ ಎತ್ತರ ಎಷ್ಟು?

ಊರಿನ ಎತ್ತರ ಬೋರ್ಡಿನ ಮೇಲೆ ಬರೆದಿರುತ್ತದೆ. ವಿಮಾನ ಆ ಬೋರ್ಡು ಓದುವುದಿಲ್ಲ. ಅದಕ್ಕೆ ಗೊತ್ತಾಗೋದು ಗಾಳಿ ಎಷ್ಟು ದಟ್ಟ, ಎಷ್ಟು ತೆಳು ಅನ್ನೋದು ಮಾತ್ರ. ಆ ತೆಳುತನವನ್ನು ಅಡಿ ಲೆಕ್ಕದಲ್ಲಿ ಹೇಳಿದರೆ ಅದೇ ಡೆನ್ಸಿಟಿ ಆಲ್ಟಿಟ್ಯೂಡ್. ನಾವು 'ಗಾಳಿಯೆತ್ತರ' ಅನ್ನೋಣ.

ಮೊದಲು ಒತ್ತಡದ ಲೆಕ್ಕ. ನೆಲದ ಮೇಲೆ ನಿಂತಿರುವಾಗ ಎತ್ತರ ತೋರಿಸುವ ಮೀಟರಿನ ಕಿಟಕಿಯಲ್ಲಿ 1013 ಅಂತ ತಿರುಗಿಸಿ (ಇದು ಹೆಕ್ಟೋಪಾಸ್ಕಲ್ ಅನ್ನುವ ಒತ್ತಡದ ಅಳತೆ; ಅಮೆರಿಕದಲ್ಲಾದರೆ ಇಂಚಿನ ಲೆಕ್ಕ, 29.92). ಮುಳ್ಳು ತೋರಿಸುವುದೇ ಪ್ರೆಷರ್ ಆಲ್ಟಿಟ್ಯೂಡ್. ವಿಮಾನದ ಹತ್ತಿರ ಇಲ್ಲದಿದ್ದರೆ, 1013ರಿಂದ ಮೆಟಾರ್‌ನಲ್ಲಿ ಬಂದ ಆ ದಿನದ ಒತ್ತಡ ಕಳೆದು 30ರಿಂದ ಗುಣಿಸಿ, ಊರಿನ ಎತ್ತರಕ್ಕೆ ಸೇರಿಸಿ. ಒತ್ತಡ 1003 ಇದ್ದರೆ 300 ಅಡಿ ಸೇರಿತು. ಮಳೆ ಬರುವ ದಿನ ಒತ್ತಡ ಸಾಮಾನ್ಯವಾಗಿ ಇಳಿದಿರುತ್ತದೆ, ಮರೆಯಬೇಡಿ.

ಆಮೇಲೆ ಬಿಸಿಲಿನ ಲೆಕ್ಕ. ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್, ಪ್ರತಿ ಸಾವಿರ ಅಡಿಗೆ 2 ಡಿಗ್ರಿ ಇಳಿಕೆ. ಪುಸ್ತಕದ ಪ್ರಕಾರ 'ಇರಬೇಕಾದ' ಬಿಸಿ ಇದು. ನಿಜವಾದ ಬಿಸಿ ಅದಕ್ಕಿಂತ ಎಷ್ಟು ಡಿಗ್ರಿ ಜಾಸ್ತಿಯೋ ಅಷ್ಟನ್ನು 120ರಿಂದ ಗುಣಿಸಿ ಸೇರಿಸಿ.

ಬೆಂಗಳೂರಿನದ್ದೇ ಮಾಡಿ ನೋಡೋಣ. ಜಕ್ಕೂರು ಸುಮಾರು 3,000 ಅಡಿ. ಒತ್ತಡ 1013 ಅಂತಲೇ ಇಟ್ಟುಕೊಳ್ಳೋಣ, ಆಗ ಸೇರಿಸುವುದೇನಿಲ್ಲ. ಇರಬೇಕಾದ ಬಿಸಿ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ. ವ್ಯತ್ಯಾಸ 26. ಅದನ್ನು 120ರಿಂದ ಗುಣಿಸಿದರೆ 3,120. ಒಟ್ಟು 6,120 ಅಡಿ. ಅಂದರೆ ನೀವು ನಿಂತಿರೋದು ಜಕ್ಕೂರಿನಲ್ಲಿ, ವಿಮಾನದ ಪಾಲಿಗೆ ಅದು ಮುಳ್ಳಯ್ಯನಗಿರಿ ತುದಿಗೆ ಇನ್ನೂರು ಅಡಿ ಕೆಳಗೆ! ಅದೇ ದಿನ ಬೆಳಿಗ್ಗೆ 22 ಡಿಗ್ರಿ ಇದ್ದಾಗ ಹೊರಟಿದ್ದರೆ 4,560 ಅಡಿ. ಹಾಸಿಗೆ ಬಿಟ್ಟು ಬೇಗ ಎದ್ದದ್ದಕ್ಕೆ 1,560 ಅಡಿ ಲಾಭ.

ಲೇಹ್ ವಿಮಾನಗಳು ಬೆಳಿಗ್ಗೆಯೇ ಯಾಕೆ ಅಂತ ಕೇಳುವವರಿಗೂ ಇಲ್ಲೇ ಅರ್ಧ ಉತ್ತರ ಇದೆ. ಲೇಹ್ ನಿಲ್ದಾಣ ಹತ್ತಿರ ಹತ್ತಿರ 10,700 ಅಡಿ. ಅಲ್ಲಿ 30 ಡಿಗ್ರಿ ಬಿಸಿಲು ಬಂದರೆ ಗಾಳಿಯೆತ್ತರ 15,000 ಅಡಿ ಮುಟ್ಟುತ್ತದೆ. 2024ರ ಜುಲೈ ಕೊನೆಯಲ್ಲಿ ಬಿಸಿಲು ಏರಿದ್ದಕ್ಕೆ ಅಲ್ಲಿ ದೊಡ್ಡ ಜೆಟ್‌ಗಳೇ ರದ್ದಾದವು. ಇನ್ನರ್ಧ ಉತ್ತರ ಗಾಳಿ, ಮುಂದೆ ಬರುತ್ತದೆ.

ಇಲ್ಲಿ ಎಡವೋದು: "ಚಳಿ ಇದೆ, ತೊಂದರೆ ಇಲ್ಲ" ಅನ್ನುವುದು. ಶೆಯೆನ್‌ನಲ್ಲಿ ಆ ಬೆಳಿಗ್ಗೆ ಚಳಿಯೇ ಇತ್ತು. ಆದರೂ ಗಾಳಿಯೆತ್ತರ 6,670 ಅಡಿ. ಊರೇ ಆರು ಸಾವಿರ ಅಡಿ ಮೇಲಿದೆ ಅಲ್ವಾ? ಮೇಷ್ಟ್ರಿಗೆ ಅಭ್ಯಾಸ ಇದ್ದದ್ದು ಕ್ಯಾಲಿಫೋರ್ನಿಯಾದ ಕಡಲ ದಂಡೆಯ ಹಾಫ್ ಮೂನ್ ಬೇ ಕಡೆಯ ಹಾರಾಟ. ಇನ್ನೊಂದು: ಮಳೆಗಾಲದ ತೇವದ ಗಾಳಿ ಭಾರ ಅಂತ ಎಲ್ಲರಿಗೂ ಅನ್ನಿಸುತ್ತದೆ. ಅದು ಒಣಗಾಳಿಗಿಂತ ಹಗುರ. ಮೇಲಿನ ಸೂತ್ರದಲ್ಲಿ ತೇವ ಸೇರಿಲ್ಲ, ಹಾಗಾಗಿ ಕರಾವಳಿಯ ಸೆಕೆಯಲ್ಲಿ ಇನ್ನೂ ಸ್ವಲ್ಪ ಕೆಟ್ಟದ್ದೇ ಅಂದುಕೊಳ್ಳಿ.

2. ಕಳೆದುಕೊಂಡದ್ದು ಏನು ಅಂತ ತಿಳಿಯಿರಿ

ತೆಳು ಗಾಳಿ ಮೂರು ಕಡೆ ಕೈ ಹಾಕುತ್ತದೆ. ಎಂಜಿನ್‌ಗೆ ಉಸಿರು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು ನೂರಕ್ಕೆ ಮೂರು ಪಾಲು ಶಕ್ತಿ ಬಿಟ್ಟುಕೊಡುತ್ತದೆ. ಶೆಯೆನ್‌ನ ವಿಮಾನದ್ದು 180 ಅಶ್ವಶಕ್ತಿಯ ಎಂಜಿನ್. ಆ ಗಾಳಿಯೆತ್ತರದಲ್ಲಿ ಸಿಗೋದು 145ರ ಆಸುಪಾಸು. ಪ್ರೊಪೆಲ್ಲರ್‌ಗೆ ಹಿಡಿತ ಕಡಿಮೆ. ರೆಕ್ಕೆಗೆ ಎತ್ತುವ ಗಾಳಿ ಕಡಿಮೆ.

ಸ್ಪೀಡಿನ ಮೀಟರು ಮಾತ್ರ ಎಂದಿನ ಅಂಕಿಯನ್ನೇ ತೋರಿಸುತ್ತದೆ. 60 ನಾಟ್‌ಗೆ ಎದ್ದೇಳುವ ವಿಮಾನ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್) ಇಲ್ಲೂ ಮೀಟರಿನಲ್ಲಿ 60ಕ್ಕೇ ಏಳುತ್ತದೆ. ಆದರೆ ನಿಜವಾಗಿ ಅದು 66 ನಾಟ್‌ನಲ್ಲಿ ಓಡುತ್ತಿರುತ್ತದೆ. ಕಡಿಮೆ ಶಕ್ತಿಯಲ್ಲಿ ಜಾಸ್ತಿ ವೇಗ ತಲುಪಬೇಕು, ಅದಕ್ಕೇ ರನ್‌ವೇ ಅಷ್ಟೊಂದು ಬೇಕಾಗೋದು. ಕಿಟಕಿಯಾಚೆ ನೆಲ ಸರ್ರನೆ ಓಡುತ್ತಿರುವುದು ನೋಡಿ "ಸ್ಪೀಡ್ ಬಂತು" ಅಂತ ಮೂತಿ ಎತ್ತಿಬಿಡುವವರು ಇದ್ದಾರೆ. ಕಣ್ಣು ಮೀಟರಿನ ಮೇಲಿರಲಿ.

3. ಭಾರ: ಕೇಳಬೇಡಿ, ತೂಗಿ

"ನೀವೆಷ್ಟು ಕೆಜಿ?" ಅಂತ ಕೇಳಿದರೆ ಯಾರೂ ನಿಜ ಹೇಳಲ್ಲ. ನಾನೂ ಹೇಳಲ್ಲ. ಬಾತ್‌ರೂಮ್ ತಕ್ಕಡಿ ತನ್ನಿ. ಶೂ, ಜಾಕೆಟ್ ಸಮೇತ ತೂಗಿ. ಬ್ಯಾಗು, ನೀರಿನ ಕ್ಯಾನು, ಊಟದ ಡಬ್ಬಿ ಎಲ್ಲ ಲೆಕ್ಕಕ್ಕೆ ಬರಬೇಕು. ವಿಮಾನದ ಪೆಟ್ರೋಲು ಲೀಟರಿಗೆ 0.72 ಕೆಜಿ.

ಶೆಯೆನ್‌ನ ವಿಮಾನ ಹೊರಡುವಾಗ ಗರಿಷ್ಠ ಮಿತಿಗಿಂತ 96 ಪೌಂಡ್ ಜಾಸ್ತಿ ಇತ್ತು. ಸುಮಾರು 43 ಕೆಜಿ. ಒಂದು ಅಕ್ಕಿ ಮೂಟೆಯಷ್ಟೂ ಇಲ್ಲ. ಸಮುದ್ರ ಮಟ್ಟದಲ್ಲಿ, ಗಾಳಿ ಇಲ್ಲದ ದಿನ, ಆ ವಿಮಾನ ಬಹುಶಃ ಎದ್ದು ಹೋಗುತ್ತಿತ್ತು, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಹಾಗೆ ನಾಲ್ಕು ಸಲ ಎದ್ದು ಹೋದ ಮೇಲೆ ಮಿತಿ ಅನ್ನೋದು ಸುಮ್ನೆ ಬರೆದದ್ದು ಅನ್ನಿಸತೊಡಗುತ್ತದೆ. ಅಂದಾಜಿಗೆ: ಭಾರ ನೂರಕ್ಕೆ 10 ಏರಿದರೆ ಟೇಕಾಫ್‌ಗೆ ಬೇಕಾದ ದೂರ ನೂರಕ್ಕೆ 20 ಏರುತ್ತದೆ.

4. ಗಾಳಿಯನ್ನು ಬಿಡಿಸಿ ನೋಡಿ

ಎಲ್ಲಕ್ಕಿಂತ ಉದ್ದದ ಹಂತ ಇದೇ. ಜನ ಅವಸರ ಮಾಡೋದೂ ಇಲ್ಲೇ.

ಗಾಳಿ ನೆಟ್ಟಗೆ ಎದುರಿಂದ ಬರುವುದು ಅಪರೂಪ. ಓರೆಯಾಗಿ ಬರುತ್ತದೆ. ಅದನ್ನು ಎದುರುಗಾಳಿ ಎಷ್ಟು, ಅಡ್ಡಗಾಳಿ ಎಷ್ಟು ಅಂತ ಬಿಡಿಸಬೇಕು. ಅಡ್ಡಗಾಳಿಗೆ ಗಡಿಯಾರದ ಲೆಕ್ಕ ಸುಲಭ. ರನ್‌ವೇಗೂ ಗಾಳಿಗೂ 15 ಡಿಗ್ರಿ ವ್ಯತ್ಯಾಸ ಇದ್ದರೆ ಕಾಲು ಪಾಲು ಅಡ್ಡಗಾಳಿ, 30 ಆದರೆ ಅರ್ಧ, 45 ಆದರೆ ಮುಕ್ಕಾಲು, 60 ದಾಟಿದರೆ ಪೂರ್ತಿ. ಜಕ್ಕೂರಿನ 08 ರನ್‌ವೇ ಅಂದರೆ 80 ಡಿಗ್ರಿ ದಿಕ್ಕು. ಗಾಳಿ 110 ಡಿಗ್ರಿಯಿಂದ 16 ನಾಟ್ ಅಂದುಕೊಳ್ಳಿ. ವ್ಯತ್ಯಾಸ 30. ಅಡ್ಡಗಾಳಿ 8 ನಾಟ್. ಗಸ್ಟ್, ಅಂದರೆ ನಡುನಡುವೆ ಬಂದು ಹೊಡೆಯುವ ಗಾಳಿ, 26 ಅಂತ ವರದಿಯಲ್ಲಿದ್ದರೆ ಅಡ್ಡಗಾಳಿ 13. ಲೆಕ್ಕಕ್ಕೆ ತಗೊಳ್ಳಬೇಕಾದದ್ದು ಈ 13 ಅನ್ನೇ. ಸೆಸ್ನಾ 172ರ ಕೈಪಿಡಿಯಲ್ಲಿ ಪರೀಕ್ಷಿಸಿ ತೋರಿಸಿದ ಅಡ್ಡಗಾಳಿ 15 ನಾಟ್. ಪರೀಕ್ಷೆ ಮಾಡಿದವರು ಪಳಗಿದ ಪೈಲಟ್‌ಗಳು. ಕಲಿಯುತ್ತಿರುವವರ ಮಿತಿ ಅದಕ್ಕಿಂತ ಬಹಳ ಕೆಳಗಿರಬೇಕು, ಎಷ್ಟು ಅಂತ ನಿಮ್ಮ ಮೇಷ್ಟ್ರ ಹತ್ತಿರ ಬರೆಸಿಕೊಳ್ಳಿ.

ಎದುರುಗಾಳಿ ಉಪಕಾರ ಮಾಡುತ್ತದೆ, ನಿಜ. ಲೆಕ್ಕದಲ್ಲಿ ಅದರ ಅರ್ಧ ಮಾತ್ರ ನಂಬಿ. ಹಿಂದಿನಿಂದ ಬರುವ ಗಾಳಿಯಾದರೆ ಒಂದೂವರೆ ಪಟ್ಟು ಹಿಡಿಯಿರಿ. ಗಾಳಿ ಕೊಟ್ಟ ಮಾತಿಗೆ ನಿಲ್ಲೋದಿಲ್ಲ, ಅದಕ್ಕೆ ಈ ಜಿಪುಣತನ.

ಈಗ ವಿಂಡ್ ಶಿಯರ್. ಸ್ವಲ್ಪ ದೂರದಲ್ಲೇ ಗಾಳಿಯ ವೇಗ ಅಥವಾ ದಿಕ್ಕು ಥಟ್ಟನೆ ಬದಲಾಗುವುದಕ್ಕೆ ಈ ಹೆಸರು. ಶೆಯೆನ್‌ನಲ್ಲಿ ಸ್ವಲ್ಪ ಮುಂಚೆ ಹೊರಟ ಇನ್ನೊಂದು ಸೆಸ್ನಾದ ಪೈಲಟ್, ತನ್ನ ಸ್ಪೀಡ್ 15 ನಾಟ್ ಮೇಲೆ ಕೆಳಗೆ ಆಡುತ್ತಿದೆ ಅಂತ ರೇಡಿಯೋದಲ್ಲಿ ಹೇಳಿದ್ದರು. ಕಂಟ್ರೋಲ್ ಟವರ್ ಆ ಮಾತನ್ನು ಇವರಿಗೆ ದಾಟಿಸಿತ್ತು. ಅದರ ಅರ್ಥ ಏನು ಅಂತ ನೋಡಿ. ಸಣ್ಣ ವಿಮಾನವೊಂದು 72 ನಾಟ್‌ನಲ್ಲಿ ಏರುತ್ತಿದೆ, 52ಕ್ಕೆ ಇಳಿದರೆ ಸ್ಟಾಲ್ ಆಗುತ್ತದೆ ಅಂದುಕೊಳ್ಳಿ. ಸ್ಟಾಲ್ ಅಂದರೆ ಎಂಜಿನ್ ನಿಲ್ಲುವುದಲ್ಲ. ರೆಕ್ಕೆಯ ಮೇಲಿನ ಗಾಳಿ ಕಿತ್ತುಕೊಂಡು, ವಿಮಾನವನ್ನು ಎತ್ತುವ ಬಲ ಕುಸಿಯುವುದು. ಕೈಯಲ್ಲಿರೋದು 20 ನಾಟ್. ಶಿಯರ್ ಒಂದೇ ಏಟಿಗೆ 15 ಕಿತ್ತುಕೊಂಡರೆ ಉಳಿದದ್ದು 5. ತುಂಬು ಶಕ್ತಿಯ ಎಂಜಿನ್ ಇದ್ದರೆ ಮೂತಿ ಇಳಿಸಿ ಬೇಗ ಸ್ಪೀಡ್ ವಾಪಸ್ ಪಡೆಯಬಹುದು. 6,670 ಅಡಿಯಲ್ಲಿ, ಭಾರ ಜಾಸ್ತಿ ಹೊತ್ತು, ಮರಗಳ ಎತ್ತರದಲ್ಲಿ ಹೇಗೆ ಪಡೆಯೋದು?

ಬೆಟ್ಟದ ಊರಾದರೆ ಇನ್ನೊಂದು ನೋಡಿ. ಗಾಳಿ ಬೆಟ್ಟವನ್ನು ಹತ್ತಿ ಆಚೆ ಬದಿ ಜಾರುತ್ತದೆ, ಬಂಡೆ ದಾಟಿದ ಹೊಳೆ ನೀರಿನ ಹಾಗೆ. ಆ ಜಾರುವ ಗಾಳಿಯಲ್ಲಿ ಸಿಕ್ಕಿಕೊಂಡರೆ, ನಿಮಿಷಕ್ಕೆ 300 ಅಡಿ ಏರುವ ವಿಮಾನವನ್ನು ಗಾಳಿ ನಿಮಿಷಕ್ಕೆ 500 ಅಡಿ ಕೆಳಗೆ ತಳ್ಳಬಹುದು. ಮೂತಿ ಮೇಲಿರುತ್ತದೆ, ಎಂಜಿನ್ ಕೂಗುತ್ತಿರುತ್ತದೆ, ವಿಮಾನ ಮಾತ್ರ ಇಳಿಯುತ್ತಿರುತ್ತದೆ. 2012ರ ಜೂನ್ 30ರಂದು ಐಡಾಹೋದ ಬ್ರೂಸ್ ಮೆಡೋಸ್ ಅನ್ನುವ ಕಾಡಿನ ರನ್‌ವೇಯಿಂದ ಎದ್ದ ಸ್ಟಿನ್ಸನ್ ವಿಮಾನ ಮರಗಳಿಗೆ ಬಡಿದು ಬಿತ್ತು. ಬೇಸಿಗೆಯ ಬಿಸಿಲಿಗೆ ಅಲ್ಲಿ ಗಾಳಿಯೆತ್ತರ 9,000 ಅಡಿ ದಾಟಿತ್ತು. ನಾಲ್ವರೂ ಬದುಕಿದರು, ಪುಣ್ಯ. ಬೆಟ್ಟದ ನೆತ್ತಿಯಲ್ಲಿ ಗಾಳಿ 25 ನಾಟ್ ದಾಟಿದರೆ ಸಣ್ಣ ವಿಮಾನ ತೆಗೆಯಬೇಡಿ ಅನ್ನೋದು ಬೆಟ್ಟದ ಪೈಲಟ್‌ಗಳ ಹಳೆಯ ಕಟ್ಟುಪಾಡು. ಬೆಟ್ಟದ ಊರುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ. ಲೇಹ್ ಪ್ರಶ್ನೆಗೆ ಉಳಿದರ್ಧ ಉತ್ತರ ಇದೇ.

ಒಂದು ಸಣ್ಣ ಎಚ್ಚರಿಕೆ. ಮೆಟಾರ್‌ನಲ್ಲಿ ಗಾಳಿಯ ದಿಕ್ಕು ಭೂಮಿಯ ನಿಜವಾದ ಉತ್ತರದಿಂದ ಲೆಕ್ಕ, ಟವರ್ ಹೇಳುವುದು ದಿಕ್ಸೂಚಿಯ ಉತ್ತರದಿಂದ. ಬೆಂಗಳೂರಿನಲ್ಲಿ ಇವೆರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಅಮೆರಿಕದ ಪಶ್ಚಿಮದ ಕಡೆ ವ್ಯತ್ಯಾಸ ಗಮನಿಸುವಷ್ಟಿರುತ್ತದೆ.

5. ಕೈಪಿಡಿಯ ಪಟ್ಟಿ ತೆರೆಯಿರಿ

ಗಾಳಿಯೆತ್ತರ, ಭಾರ, ಗಾಳಿ ಮೂರೂ ಸಿಕ್ಕಿತು. ಟೇಕಾಫ್ ಪಟ್ಟಿಯಲ್ಲಿ ಎರಡು ಅಂಕಿ ಇರುತ್ತವೆ. ಒಂದು ನೆಲದ ಮೇಲಿನ ಓಟ, ಇನ್ನೊಂದು 50 ಅಡಿ ಎತ್ತರದ ಅಡೆತಡೆ ದಾಟಲು ಬೇಕಾದ ಒಟ್ಟು ದೂರ. ಎರಡನೆಯದನ್ನೇ ನೋಡಿ. ಒಣ ಹುಲ್ಲಿನ ರನ್‌ವೇಗೆ ಇನ್ನೂ ಐದನೇ ಒಂದು ಪಾಲು ಸೇರಿಸಿ. ಒದ್ದೆ ಹುಲ್ಲಿಗೆ ಇನ್ನೂ ಜಾಸ್ತಿ. ಕೊನೆಗೆ ಬಂದ ಅಂಕಿಗೆ ಅರ್ಧದಷ್ಟು ಮತ್ತೆ ಸೇರಿಸಿ ಅನ್ನೋದು ನನ್ನ ಸಲಹೆ. ಪಟ್ಟಿ ತಯಾರಾದದ್ದು ಹೊಸ ವಿಮಾನ, ಹೊಸ ಎಂಜಿನ್, ಪರೀಕ್ಷಾ ಪೈಲಟ್ ಇದ್ದಾಗ. ನಿಮ್ಮದು ಕ್ಲಬ್ಬಿನ ಮೂವತ್ತು ವರ್ಷದ ವಿಮಾನ ಇರಬಹುದು.

ಏರುವ ಪಟ್ಟಿಯನ್ನೂ ಬಿಡಬೇಡಿ. ನಿಮಿಷಕ್ಕೆ 300 ಅಡಿ ಏರುತ್ತದೆ, ನಿಜವಾದ ವೇಗ 75 ನಾಟ್ ಅಂದರೆ, ಒಂದು ನಾಟಿಕಲ್ ಮೈಲಿ (1.85 ಕಿಲೋಮೀಟರ್) ಮುಂದೆ ಹೋಗುವಷ್ಟರಲ್ಲಿ 240 ಅಡಿ ಏರಿರುತ್ತೀರಿ. 20 ನಾಟ್ ಎದುರುಗಾಳಿ ಇದ್ದರೆ ಅದೇ ಮೈಲಿಯಲ್ಲಿ 327 ಅಡಿ. ಗಾಳಿ ಬೆನ್ನಿಗೆ ಬಂದರೆ 189. ವಿಮಾನ ಅದೇ, ಎಂಜಿನ್ ಅದೇ. ಮುಂದಿರುವ ಗುಡ್ಡ ಅಥವಾ ಕರೆಂಟ್ ಕಂಬ ಎಷ್ಟು ದೂರ, ಎಷ್ಟು ಎತ್ತರ ಅಂತ ಈ ಅಂಕಿಯ ಪಕ್ಕ ಬರೆದು ನೋಡಿ.

6. ಕೆಂಪು ಗುಂಡಿ

ಮಿಕ್ಸ್ಚರ್ ಅಂದರೆ ಗಾಳಿಗೆ ಎಷ್ಟು ಪೆಟ್ರೋಲ್ ಬೆರೆಸಬೇಕು ಅನ್ನುವ ಹತೋಟಿ. ಸೆಸ್ನಾದಲ್ಲಿ ಕೆಂಪು ಗುಂಡಿ. ಸಮುದ್ರ ಮಟ್ಟದಲ್ಲಿ ಕಲಿತವರಿಗೆ ಟೇಕಾಫ್ ಅಂದರೆ ಅದನ್ನು ಪೂರ್ತಿ ಒಳಗೆ ಒತ್ತುವುದು ರೂಢಿ. ಎತ್ತರದಲ್ಲಿ ಹಾಗೆ ಮಾಡಿದರೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಎಂಜಿನ್ ಮುಗ್ಗರಿಸುತ್ತದೆ, ಇರುವ ಶಕ್ತಿಯೂ ಸಿಗುವುದಿಲ್ಲ. 172ರ ಕೈಪಿಡಿ 3,000 ಅಡಿಗಿಂತ ಎತ್ತರದ ರನ್‌ವೇಗಳಲ್ಲಿ ಹೀಗೆ ಮಾಡಲು ಹೇಳುತ್ತದೆ: ಬ್ರೇಕ್ ಹಿಡಿದು ಪೂರ್ತಿ ಶಕ್ತಿ ಕೊಡಿ. ಕೆಂಪು ಗುಂಡಿಯನ್ನು ಮೆಲ್ಲಗೆ ಹೊರಗೆ ಎಳೆಯುತ್ತಾ ಬನ್ನಿ. ಆರ್‌ಪಿಎಂ ಮುಳ್ಳು ಸ್ವಲ್ಪ ಮೇಲೇರುತ್ತದೆ, ಆಮೇಲೆ ಇಳಿಯತೊಡಗುತ್ತದೆ. ಅತಿ ಮೇಲೆ ಹೋದ ಜಾಗಕ್ಕೆ ವಾಪಸ್ ತನ್ನಿ. ಟರ್ಬೊ ಎಂಜಿನ್‌ಗೆ ಇದು ಅನ್ವಯಿಸಲ್ಲ, ಅದರ ಕೈಪಿಡಿ ನೋಡಿ.

7. ಓಟ ನಿಲ್ಲಿಸುವ ಜಾಗವನ್ನು ಮೊದಲೇ ಗುರುತಿಸಿ

ರನ್‌ವೇಯ ಅರ್ಧದಲ್ಲಿ ಒಂದು ಗುರುತು ಹಿಡಿಯಿರಿ. ಒಂದು ಟ್ಯಾಕ್ಸಿವೇ, ಒಂದು ಮರ, ಏನಾದರೂ ಆಗುತ್ತೆ. ಅಲ್ಲಿಗೆ ಬರುವಾಗ ಎದ್ದೇಳುವ ವೇಗದ ನೂರಕ್ಕೆ 70 ಪಾಲು ಬಂದಿರಬೇಕು. 60 ನಾಟ್‌ಗೆ ಏಳುವ ವಿಮಾನವಾದರೆ 42. ಬಂದಿಲ್ಲವೇ? ಶಕ್ತಿ ತೆಗೆದು ಬ್ರೇಕ್ ಹಾಕಿ. "ಇನ್ನೊಂದು ಚೂರು ನೋಡೋಣ" ಅನ್ನಬೇಡಿ. 40 ಬಂದಿದ್ದರೂ ನಿಲ್ಲಿಸಿ. ಈ ಗುರುತು ಉದ್ದ ಸಾಕಷ್ಟಿರುವ ರನ್‌ವೇಗೆ. ಐದನೇ ಹಂತದಲ್ಲೇ ಉದ್ದ ಸಾಲದು ಅಂತ ಬಂದಿದ್ದರೆ ಓಟ ಶುರು ಮಾಡುವ ಮಾತೇ ಇಲ್ಲ.

ಇಲ್ಲಿ ಒಂದು ಮೋಸ ಇದೆ. ನೆಲಕ್ಕೆ ಹತ್ತಿರ, ರೆಕ್ಕೆಯ ಉದ್ದದಷ್ಟು ಎತ್ತರದೊಳಗೆ, ವಿಮಾನ ಹಗುರವಾಗಿ ತೇಲುತ್ತದೆ. ಇದಕ್ಕೆ ಗ್ರೌಂಡ್ ಎಫೆಕ್ಟ್ ಅನ್ನುತ್ತಾರೆ. ಹಾರುವಷ್ಟು ವೇಗ ಇಲ್ಲದ ವಿಮಾನವೂ ಅಲ್ಲಿ ಎದ್ದುಬಿಡುತ್ತದೆ, ಮೇಲೆ ಮಾತ್ರ ಹೋಗಲ್ಲ. ಮುಂದೆ ಮರ ಕಾಣುತ್ತದೆ, ಕೈ ತಾನಾಗಿಯೇ ಸ್ಟಿಕ್ ಎಳೆಯುತ್ತದೆ. ಎಳೆದಷ್ಟೂ ಸ್ಪೀಡ್ ಬೀಳುತ್ತದೆ. ಎದ್ದ ಮೇಲೆ ಮೂತಿ ತಗ್ಗಿಸಿ, ನೆಲದ ಹತ್ತಿರವೇ ಏರುವ ವೇಗ ಬರುವ ತನಕ ಕಾಯಿರಿ.

8. ನೆಲದ ಹತ್ತಿರ ತಿರುಗಬೇಡಿ

ವಿಮಾನ ವಾಲಿದಾಗ ಸ್ಟಾಲ್ ಆಗುವ ವೇಗ ಏರುತ್ತದೆ. ಮಟ್ಟ ಕಾಯ್ದುಕೊಂಡು 30 ಡಿಗ್ರಿ ವಾಲಿದರೆ ನೂರಕ್ಕೆ 7, 45ಕ್ಕೆ 19. ಆಗಲೇ ಹೇಳಿದ 52 ನಾಟ್ ಈಗ 62 ಆಯಿತು. ಎದುರುಗಾಳಿಯಿಂದ ತಿರುಗಿ ಗಾಳಿಗೆ ಬೆನ್ನು ಮಾಡಿದಾಗ ನೆಲ ಜೋರಾಗಿ ಓಡಿದಂತೆ ಕಾಣುತ್ತದೆ, ಸ್ಪೀಡ್ ಸಾಕಷ್ಟಿದೆ ಅಂತ ಮನಸ್ಸು ನಂಬುತ್ತದೆ. ಏರುತ್ತಿಲ್ಲ ಅನ್ನಿಸಿ ಮೂತಿ ಎತ್ತುತ್ತೇವೆ. ಶೆಯೆನ್‌ನ ಬಲ ತಿರುವಿನಲ್ಲಿ ಹೀಗೇ ಆಗಿರಬಹುದು ಅಂತ ತನಿಖೆ ಹೇಳಿತು. ಮಳೆಯಲ್ಲಿ ಹೊರಗೂ ಸರಿಯಾಗಿ ಕಾಣುತ್ತಿರಲಿಲ್ಲ. ದಾರಿ ಇದ್ದರೆ ನೇರ ಏರಿ. ತಿರುಗಲೇಬೇಕಾದರೆ ಕಡಿಮೆ ವಾಲಿಸಿ, ಸ್ಪೀಡ್ ನೋಡುತ್ತಾ ತಿರುಗಿ.

9. 'ಇವತ್ತು ಬೇಡ' ಅನ್ನೋದನ್ನು ಹಾಳೆಯಲ್ಲಿ ಮೊದಲೇ ಬರೆಯಿರಿ

ಗಸ್ಟ್ ಇಷ್ಟು ದಾಟಿದರೆ ಇಲ್ಲ, ಗಾಳಿಯೆತ್ತರ ಇಷ್ಟು ದಾಟಿದರೆ ಇಲ್ಲ, ಗುಡುಗು ಇಷ್ಟು ಹತ್ತಿರ ಇದ್ದರೆ ಇಲ್ಲ ಅಂತ ಹಿಂದಿನ ರಾತ್ರಿಯೇ ಬರೆದಿಡಿ. ಬೆಳಿಗ್ಗೆ ಎಲ್ಲರೂ ಬ್ಯಾಗ್ ಹಿಡಿದು ನಿಂತಾಗ ಬರೆದರೆ ಅಂಕಿಗಳು ತಾವಾಗಿ ದೊಡ್ಡದಾಗುತ್ತವೆ.

ಶೆಯೆನ್‌ನಲ್ಲಿ ಆ ಬೆಳಿಗ್ಗೆ ವಿಮಾನದ ಮುಂದಿನ ಚಕ್ರಕ್ಕೆ ಕೊಟ್ಟ ತಡೆಯನ್ನು (ಲಾರಿ ಗಾಲಿಗೆ ಕಲ್ಲು ಕೊಡುತ್ತೇವಲ್ಲ, ಹಾಗೆ) ತೆಗೆಯದೇ ಎಂಜಿನ್ ಸ್ಟಾರ್ಟ್ ಮಾಡಿದ್ದರು. ಆಮೇಲೆ ಆಫ್ ಮಾಡಿ ತೆಗೆಯಬೇಕಾಯಿತು. ಇಂಥ ಸಣ್ಣ ಮರೆವು ನಿಮ್ಮಿಂದಾದ ದಿನ ಐದು ನಿಮಿಷ ಕೆಳಗಿಳಿದು ನಿಲ್ಲಿ. ಅವಸರದಲ್ಲಿದ್ದೀರಿ ಅಂತ ಅರ್ಥ. ಮಾಧ್ಯಮದವರಿಗೆ ಕೊಟ್ಟ ಮಾತು, ತುಂಬ ಬಿಗಿಯಾದ ವೇಳಾಪಟ್ಟಿ, ಇವೆರಡನ್ನೂ ಎನ್‌ಟಿಎಸ್‌ಬಿ ಕಾರಣಗಳ ಸಾಲಿನಲ್ಲೇ ಬರೆಯಿತು. ನಮ್ಮಲ್ಲಿ ಟಿವಿಯವರು ಕಾಯುತ್ತಿರಲ್ಲ. ಸೋಮವಾರದ ಆಫೀಸು ಕಾಯುತ್ತಿರುತ್ತದೆ, ಬಾಡಿಗೆ ವಿಮಾನ ವಾಪಸ್ ಕೊಡುವ ಹೊತ್ತು ಕಾಯುತ್ತಿರುತ್ತದೆ.

ಲೆಕ್ಕ ಕೂಡದಿದ್ದರೆ ಏನು ಮಾಡೋದು? ಅರ್ಧ ಪೆಟ್ರೋಲ್ ಹಾಕಿಕೊಂಡು ತಗ್ಗಿನ ಊರೊಂದರಲ್ಲಿ ಮತ್ತೆ ತುಂಬಿಸಿ. ಇಬ್ಬಿಬ್ಬರಾಗಿ ಎರಡು ಸಲ ಹೋಗಿ. ಲಗೇಜನ್ನು ಕಾರಿನಲ್ಲಿ ಕಳಿಸಿ. ಮರುದಿನ ಬೆಳಿಗ್ಗೆ ಆರಕ್ಕೆ ಹೊರಡಿ.

ನೀವು ಪೈಲಟ್ ಅಲ್ಲ, ಗೆಳೆಯ ಕರೆದ ಅಂತ ಹಿಂದಿನ ಸೀಟಿನಲ್ಲಿ ಕೂರುವವರಾದರೆ, ತಕ್ಕಡಿ ಹತ್ತಲು ನಾಚಬೇಡಿ, ಬ್ಯಾಗ್ ಒಂದೇ ತನ್ನಿ, ಮತ್ತೆ ಹೊರಡುವ ಮುಂಚೆ ಒಂದು ಪ್ರಶ್ನೆ ಕೇಳಿ: "ಇವತ್ತು ಡೆನ್ಸಿಟಿ ಆಲ್ಟಿಟ್ಯೂಡ್ ಎಷ್ಟು ಬಂತು?" ಹಾಳೆ ನೋಡಿ ಅಂಕಿ ಹೇಳಿದರೆ ಬೆಲ್ಟ್ ಹಾಕಿಕೊಳ್ಳಿ. "ಅದೆಲ್ಲ ಏನೂ ಆಗಲ್ಲ ಬನ್ನಿ" ಅಂದರೆ ಇಳಿದು ಕಾಫಿ ಕುಡಿಯಲು ಹೋಗಿ.